ಹಾಸಿಗೆ ಮೂಲೆಯ ನೀಲಿ ನೂಲು

ಜನವರಿ ೧೪, ೧೯೨೨

ಅಕ್ಕನಿಗೆ,

ಮೊನ್ನೆಯಿಂದ ಒಂದೇ ಕನಸು ಬೀಳುತ್ತಿದೆ. ಅದನ್ನು ಮೊದಲು ಬರೆದುಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ನನ್ನ ಬಾಯಿ ತುಂಬ ಹತ್ತಿ. ಎಳೆಯುತ್ತೇನೆ, ಬರುತ್ತದೆ, ಬರುತ್ತಲೇ ಇರುತ್ತದೆ, ಒದ್ದೆ ಹತ್ತಿ, ಹುಳಿ ವಾಸನೆ. ಕೊನೆಯ ಎಳೆಗೆ ಕೂದಲು ಸುತ್ತಿಕೊಂಡಿರುತ್ತದೆ. ನನ್ನ ಕೂದಲಲ್ಲ, ನನ್ನದು ಅಷ್ಟು ಉದ್ದ ಎಲ್ಲಿದೆ? ಎಚ್ಚರವಾದ ಮೇಲೂ ನಾಲಿಗೆ ಮೇಲೆ ಆ ಎಳೆ ಇದ್ದ ಹಾಗೇ ಅನಿಸಿ ಉಗಿದು ಉಗಿದು ಸಾಕಾಯಿತು. ಪಕ್ಕದಲ್ಲಿ ಮಲಗಿದ್ದ ಅವರು, "ಏನಾಯ್ತೇ, ಬೆಕ್ಕಿನ ಹಾಗೆ ಕರ್ರ್ ಅಂತೀಯ" ಎಂದು ಮಗ್ಗುಲಾದರು.

ನಗಬೇಡ. ನೀನು ನಗುತ್ತೀಯ, ನನಗೆ ಗೊತ್ತು.

ಹಾಸಿಗೆ ಹೊಲಿಯುವವರ ಮನೆ ಅಂದರೆ ಮೆತ್ತಗಿರುತ್ತದೆ ಅಂತ ಮದುವೆಗೆ ಮುಂಚೆ ನೀನೇ ಅಂದಿದ್ದೆ. ಮೆತ್ತಗೇನೋ ಇದೆ. ಮುಂದೆ ಬೀದಿಗೆ ಅಂಗಡಿ, ಪಟ್ಟೆಪಟ್ಟೆ ಗವಸಿನ ಹಾಸಿಗೆಗಳನ್ನು ಅಟ್ಟಿ ಜೋಡಿಸಿದ್ದಾರೆ. ನಡುವೆ ನಾವಿರುವ ಮನೆ. ಹಿಂದೆ ಹಿತ್ತಿಲಲ್ಲಿ ಕಿಟಕಿ ಇಲ್ಲದ ಕೊಟ್ಟಿಗೆ, ಅಲ್ಲಿ ಹತ್ತಿ ಹಿಂಜುತ್ತಾರೆ. ಆ ಬಾಗಿಲ ಹತ್ತಿರ ನನ್ನನ್ನು ಬಿಡುವುದಿಲ್ಲ. "ಹೊಸಬಳು, ದೂಳು ಕುಡಿದು ಕೆಮ್ಮು ಹಚ್ಚಿಕೊಂಡೀಯ" ಅನ್ನುತ್ತಾರೆ ಅತ್ತೆ. ಪ್ರೀತಿಯಿಂದ ಅಂದರೋ ಇನ್ನೇನಕ್ಕೋ ಗೊತ್ತಾಗಲಿಲ್ಲ. ಆದರೆ ಗಾಳಿ ಅಲ್ಲಿಂದ ಬೀಸಿದಾಗ ಒಂದು ವಾಸನೆ ಬರುತ್ತದೆ ಅಕ್ಕ. ಔಷಧಿ, ಮೂತ್ರ, ಬೆವರು ಎಲ್ಲ ಸೇರಿ ಬಿಸಿಲಲ್ಲಿ ಒಣಗಿದ ಹಾಗೆ. ಅನ್ನದ ತಟ್ಟೆಯ ಮುಂದೆ ಕೂತಾಗಲೇ ಬರುತ್ತದೆ. ನಾನು ಉಸಿರು ಹಿಡಿದುಕೊಂಡು ನುಂಗುತ್ತೇನೆ.

ಇನ್ನೊಂದು ಮಾತು. ನಾನು ಮೂರನೇ ಕ್ಲಾಸಿಗೇ ಬಿಟ್ಟವಳಲ್ಲವೇ, ಅಮ್ಮ ಕಾಯಿಲೆ ಬಿದ್ದು ಮಲಗಿದಳು, ಶಾಲೆ ಹೋಯಿತು. ಅದಕ್ಕೆ ಮಾವ ನಾನು ಬರೆದದ್ದನ್ನೆಲ್ಲ "ತಿದ್ದಿ ಕೊಡ್ತೀನಮ್ಮ" ಅಂತ ಇಸಿದುಕೊಂಡು ಗಟ್ಟಿಯಾಗಿ ಓದುತ್ತಾರೆ. ಅತ್ತೆ ಕೇಳುತ್ತಾರೆ. ಅದಕ್ಕೇ ಈ ಪತ್ರ ಸೂಜಿ ಮಾರುವ ಹೆಂಗಸಿನ ಬುಟ್ಟಿಯಲ್ಲಿ ಬರುತ್ತಿದೆ. ನೀನೂ ಅವಳ ವಿಳಾಸಕ್ಕೇ ಬರೆ, ಕಾಗದದ ಹಿಂಬದಿ ಬರೆದಿದ್ದೇನೆ.

ನಿನ್ನ ಹೊಟ್ಟೆ ಹೇಗಿದೆ? ಭಾರ ಎತ್ತಬೇಡ. ಹೋದ ಸಲದ ಹಾಗೆ ಆಗದಿರಲಿ ಎಂದು ದಿನಾ ಅಂದುಕೊಳ್ಳುತ್ತೇನೆ. ಬರೆಯಬಾರದಿತ್ತೇನೋ. ಬರೆದಾಯಿತು, ಅಳಿಸಿದರೆ ಕಾಗದ ಹರಿಯುತ್ತದೆ.

ನಿನ್ನ ತಂಗಿ


ಫೆಬ್ರವರಿ ೩, ೧೯೨೨

ನನ್ನ ಚಿಲಕಮ್ಮನಿಗೆ,

ಮದುವೆಯಾದರೂ ನೀನು ಬದಲಾಗಲಿಲ್ಲವಲ್ಲೇ! ಚಿಕ್ಕವಳಿದ್ದಾಗ ಮಲಗಿದ ಮೇಲೆ ಶುರುಮಾಡುತ್ತಿದ್ದೆ, "ಅಕ್ಕಾ ಚಿಲಕ ಹಾಕಿದ್ದೀಯಾ, ಅಕ್ಕಾ ಇನ್ನೊಂದ್ಸಲ ನೋಡು." ನಾನು ಹೊದಿಕೆಯೊಳಗಿಂದಲೇ "ನೋಡ್ದೆ, ಹಾಕಿದೆ, ಮಲಗು" ಅನ್ನುತ್ತಿದ್ದೆ. ಈಗ ಹೇಳುತ್ತೇನೆ ಕೇಳು, ಒಂದು ದಿನವೂ ನಾನು ಎದ್ದು ನೋಡಿದವಳಲ್ಲ! ಕಳ್ಳ ಬಂದನೇ? ಬರಲಿಲ್ಲ.

ಎಲ್ಲ ಮನೆಗೂ ಒಂದು ವಾಸನೆ ಇರುತ್ತದೆ. ನನ್ನ ಮನೆಗೆ ಮೀನಿನ ವಾಸನೆ, ಕೆಳಗೆ ಹಡಗುಕಟ್ಟೆ ಇದೆಯಲ್ಲ. ನಿಮ್ಮ ಭಾವ ತೂಕದ ಕಟ್ಟೆಯಲ್ಲಿ ದಿನವಿಡೀ ಮೂಟೆ ತೂಗಿ ಬಂದರೆ ಅವರಿಗೆ ಗೋಣಿಯ ವಾಸನೆ. ಹೊಸದರಲ್ಲಿ ನಾನೂ ಮೂಗು ಮುಚ್ಚಿಕೊಂಡಿದ್ದೆ, ಈಗ ಅವರು ಸ್ನಾನ ಮಾಡಿ ಬಂದರೆ ಯಾರೋ ಪರಪುರುಷ ಬಂದ ಹಾಗಾಗುತ್ತದೆ.

ಹೊಟ್ಟೆ ಚೆನ್ನಾಗಿದೆ. ಒದೆಯುತ್ತದೆ. ಹೋದ ಸಲದ ಮಾತು ನಾನು ಆಡುವುದಿಲ್ಲ, ನೀನೂ ಆಡಬೇಡ. ನೆಲ ಇಲ್ಲಿ ಸದಾ ಜೌಗು, ಅದೊಂದೇ ಚಿಂತೆ. ಮಗುವಿಗೆ ಬೆಚ್ಚಗೆ ಒಂದು ಹಾಸಿಗೆ ಆಗಬೇಕು. ನಿಮ್ಮ ಅತ್ತೆಯ ಕಿವಿಗೆ ಮೆಲ್ಲಗೆ ಹಾಕಿ ನೋಡು. ಅಕ್ಕಸಾಲಿಗನ ಮನೆಯಲ್ಲಿ ಮೂಗುತಿಗೆ ಬರವೇ?

ನಿನ್ನ ಅಕ್ಕ


ಫೆಬ್ರವರಿ ೨೦, ೧೯೨೨

ಮಾತೃಸಮಾನಳಾದ ಅಕ್ಕನವರಿಗೆ ಅನಂತ ವಂದನೆಗಳು.

ಇಲ್ಲಿ ಸರ್ವರೂ ಕ್ಷೇಮ. ಅಲ್ಲಿಯ ಕ್ಷೇಮಕ್ಕೆ ಹಾರೈಸುತ್ತೇವೆ. ಪೂಜ್ಯ ಮಾವನವರು ನನಗೆ ಒತ್ತಕ್ಷರ ಕಲಿಸುತ್ತಿದ್ದಾರೆ. ಪೂಜ್ಯ ಅತ್ತೆಯವರು ತಮ್ಮ ಮಗುವಿಗಾಗಿ ಸ್ವಹಸ್ತದಿಂದ ತೊಟ್ಟಿಲ ಹಾಸಿಗೆಯೊಂದನ್ನು ಹೊಲಿಯುತ್ತಿದ್ದಾರೆ. ನಾನು ಅತ್ಯಂತ ಸುಖವಾಗಿದ್ದೇನೆ. ವಾಸನೆ ಇತ್ಯಾದಿ ಏನೂ ಇಲ್ಲ.

ಇಂತಿ ತಮ್ಮ ವಿಧೇಯ ಸಹೋದರಿ


ಫೆಬ್ರವರಿ ೨೨, ೧೯೨೨

ಅಕ್ಕ,

ಮೊನ್ನೆ ಕಳಿಸಿದ ಕಾಗದ ನನ್ನದಲ್ಲ. ಕೈ ನನ್ನದು, ಬಾಯಿ ಮಾವನದು. ವಾಸನೆ ಇಲ್ಲ ಅನ್ನುವ ಕೊನೆಯ ಸಾಲು ಮಾತ್ರ ನಾನೇ ಸೇರಿಸಿದೆ, ಸೇರಿಸಿದ ಮೇಲೆ ಎದೆ ಧಸಕ್ ಅಂತು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ ಎಂದು. ಮಾವ ಗಮನಿಸಲಿಲ್ಲ, ಒತ್ತಕ್ಷರ ಮಾತ್ರ ನೋಡಿದರು.

ವಾಸನೆ ಎಲ್ಲಿಂದ ಅಂತ ಗೊತ್ತಾಯಿತು. ಹೇಗೆ ಬರೆಯಲಿ?

ಬೆಳಿಗ್ಗೆ ಹಿತ್ತಿಲ ಗೇಟಿಗೆ ಒಂದು ಮುಚ್ಚಿದ ಗಾಡಿ ಬಂತು. ಊರಾಚೆಯ ಜ್ವರದ ಆಸ್ಪತ್ರೆಯದು. ಎದೆಯ ಕಾಯಿಲೆ, ಕೆಮ್ಮಿನ ಕಾಯಿಲೆ, ಮೈಮೇಲೆ ಏಳುವ ಕಾಯಿಲೆ, ಎಲ್ಲದಕ್ಕೂ ಅದೇ. ಒಳಗೆ ಹೋದವರು ನಡೆದು ಹೊರಬರುವುದು ಕಡಿಮೆ. ಅವರು ಸತ್ತ ಮೇಲೆ ಅವರ ಹಾಸಿಗೆಗಳನ್ನು ಸುಡಬೇಕಂತೆ. ಸುಡುವ ಗುತ್ತಿಗೆ ನಮ್ಮ ಮಾವನಿಗೆ. ನಾನು ಅಡಿಗೆಮನೆಯ ಕಿಂಡಿಯಿಂದ ನೋಡಿದೆ. ಮಾವ, ನಮ್ಮವರು ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಸಿಗೆಗಳನ್ನು ಇಳಿಸಿದರು. ಮಾವ ಚಾಕುವಿನಿಂದ ಗವಸನ್ನು ಸರ್ರನೆ ಸೀಳಿದರು, ಮೀನಿನ ಹೊಟ್ಟೆ ಸೀಳಿದ ಹಾಗೆ. ಒಳಗಿನ ಹತ್ತಿಯನ್ನು ನಮ್ಮವರು ಬಾಚಿ ಬಾಚಿ ಕೊಟ್ಟಿಗೆಗೆ ಹಾಕಿದರು. ಖಾಲಿ ಗವಸುಗಳನ್ನು ಗೇಟಿನ ಹತ್ತಿರ ರಾಶಿ ಹಾಕಿ ಸೀಮೆಎಣ್ಣೆ ಸುರಿದು ಬೆಂಕಿ ಇಟ್ಟರು. ಆಸ್ಪತ್ರೆಯ ಕಾವಲುಗಾರ ಆಚೆಯಿಂದಲೇ ಹೊಗೆ ನೋಡಿ, "ಆಯ್ತಾ ಯಜಮಾನ್ರೇ?" ಅಂದ. "ಆಯ್ತಪ್ಪ, ಬೂದಿ ಬೇಕಾದ್ರೆ ಕೊಡ್ತೀನಿ, ಹಲ್ಲುಜ್ಜು" ಅಂದರು ಮಾವ. ಇಬ್ಬರೂ ನಕ್ಕರು. ಅವನು ಹೋದ.

ಸುಟ್ಟದ್ದು ಸಿಪ್ಪೆ ಅಕ್ಕ. ತಿರುಳು ಕೊಟ್ಟಿಗೆಯಲ್ಲಿದೆ.

ಊಟಕ್ಕೆ ಬಂದಾಗ ಕೇಳಿದೆ. "ರೀ, ಅದು ಏನು?"

"ಹತ್ತಿ."

"ಯಾರ ಹತ್ತಿ?"

"ಈಗ ನಮ್ಮದು. ಸಾರು ಹಾಕು."

ಸಾರು ಹಾಕುವಾಗ ಅವರ ಉಗುರಿನ ಸಂದಿಯಲ್ಲಿ ಹಳದಿ ಎಳೆ ಕಂಡಿತು. ಅದೇ ಕೈಯಿಂದ ಕಲಸಿ ಉಂಡರು. ಅದೇ ಕೈ ಆಮೇಲೆ ನನ್ನ ಕೆನ್ನೆ ಮುಟ್ಟಲು ಬಂತು. ನಾನು ಹಿಂದೆ ಸರಿದದ್ದಕ್ಕೆ, ಇನ್ನೂ ನಾಚಿಕೆ ಹೋಗಿಲ್ಲ ಅಂತ ಖುಷಿಪಟ್ಟರು.

ಗುಟ್ಟು ಗೊತ್ತಾಯಿತಲ್ಲ ಅಂತ ಅತ್ತೆ ನನ್ನನ್ನೂ ಕೊಟ್ಟಿಗೆಗೆ ಕೂರಿಸಿದರು. "ಗಂಟು ಬಿಡಿಸು, ಕಲೆ ಇರೋದನ್ನ ಈ ಕಡೆ ಹಾಕು, ಅದನ್ನ ನಡುವೆ ತುಂಬೋದು." ಗಂಟುಗಳು ಒಣಗಿದ ಮೊಸರಿನ ಹಾಗೆ ಗಟ್ಟಿ. ಒಂದರಲ್ಲಿ ಕೂದಲು, ಹೆಂಗಸಿನದು, ಉದ್ದ. ಒಂದರಲ್ಲಿ ಗಾಯದ ಪಟ್ಟಿ, ಅಂಟಿಕೊಂಡದ್ದು ಹಾಗೇ ಇತ್ತು. ನಾನು ಎದ್ದು ಹೋಗಿ ವಾಂತಿ ಮಾಡಿದೆ. ಅತ್ತೆ ನೀರಿನ ಚೊಂಬು ಹಿಡಿದು ಹಿಂದೆಯೇ ಬಂದರು. "ಹತ್ತಿಗೇನು ಗೊತ್ತೇ ಯಾರು ಮಲಗಿದ್ರು ಅಂತ? ಎರಡು ಬಿಸಿಲು ಕಂಡ್ರೆ ಎಲ್ಲಾ ಹೂವೇ. ಮೊದಲು ನಂಗೂ ಹಂಗೇ ಆಗ್ತಿತ್ತು." ಅಂದರೆ ನನಗೂ ಒಂದು ದಿನ ಏನೂ ಆಗುವುದಿಲ್ಲವಂತೆ. ವಾಸನೆಗಿಂತ ಆ ಮಾತಿಗೆ ಹೆಚ್ಚು ಹೇಸಿಗೆಯಾಯಿತು.

ಇನ್ನು ಮುಖ್ಯ ವಿಷಯ. ನಿನ್ನೆ ಮಧ್ಯಾಹ್ನ ಅತ್ತೆ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂತಿದ್ದರು. ನಾನು ತಳ್ಳಿಕೊಂಡು ಹೋದೆ. ತೊಡೆ ಮೇಲೆ ನಿನ್ನ ಮಗುವಿನ ಹಾಸಿಗೆ. ದಬ್ಬಳಕ್ಕೆ ನೀಲಿ ನೂಲು ಪೋಣಿಸಿ ಮೂಲೆಯ ಒಳಮಡಿಕೆಯಲ್ಲಿ ಒಂದು ಹೊಲಿಗೆ ಹಾಕುತ್ತಿದ್ದರು, ಹೊರಗೆ ಕಾಣದ ಹಾಗೆ. ನನ್ನನ್ನು ಕಂಡು ಬೆಚ್ಚಿಬಿದ್ದರು. "ಏನೇ ಕಳ್ಳಬೆಕ್ಕು! ಇದನ್ನ ಯಾರಿಗೂ ಹೇಳ್ಬೇಡ. ನಿನ್ ಗಂಡಂಗೂ ಬೇಡ, ನಿಮ್ಮ ಮಾವಂಗಂತೂ ಬೇಡ್ವೇ ಬೇಡ."

ಓಡಿಹೋಗಿ ನಮ್ಮ ಹಾಸಿಗೆಯ ಮೂಲೆ ಬಿಚ್ಚಿ ನೋಡಿದೆ. ನೀಲಿ! ಅಂಗಡಿಗೆ ಹೋಗಿ ಕಸ ಗುಡಿಸುವವಳ ಹಾಗೆ ಬಗ್ಗಿ ಅಟ್ಟಿಯಲ್ಲಿದ್ದ ಕೆಲವು ಹಾಸಿಗೆಗಳ ಮೂಲೆಗೆ ಬೆರಳು ಹಾಕಿ ಎಳೆದು ನೋಡಿದೆ. ಒಂದರಲ್ಲೂ ನೀಲಿ ಇಲ್ಲ. ಗಾಡಿ ತುಂಬಿ ಎಲ್ಲಿಗೋ ಹೋಗುತ್ತವಲ್ಲ, ಅವುಗಳಲ್ಲಿ ಇರಬೇಕು, ಅವು ನನ್ನ ಕೈಗೆ ಸಿಗಲಿಲ್ಲ.

ಅರ್ಥವಾಯಿತಾ ಅಕ್ಕ? ಹೆಣದ ಹತ್ತಿ ಯಾವುದಕ್ಕೆ ಸೇರಿತು ಅಂತ ಮರೆಯದಿರಲು ಗುರುತು. ಎದುರು ಬಂದು ಜಗಳವಾಡುವ ಊರಿನವರಿಗೆ ಒಳ್ಳೆಯದು. ಬಾಯಿಲ್ಲದ ಸೊಸೆಗೆ, ಸೊಸೆಯ ಬಡ ಅಕ್ಕನಿಗೆ, ಇನ್ನೂ ಕಣ್ಣು ಬಿಡದ ಕೂಸಿಗೆ ಹೆಣದ್ದು. ಅದನ್ನೂ ನಗುನಗುತ್ತ ಹೊಲಿಯುತ್ತಾಳೆ ಈ ಹೆಂಗಸು!

ತಂಗಿ


ಮಾರ್ಚ್ ೧೫, ೧೯೨೨

ಚಿಲಕಮ್ಮ,

ಎರಡು ಕಾಗದ ಒಟ್ಟಿಗೆ ಬಂದವು, ಒಂದರಲ್ಲಿ ಸ್ವರ್ಗ, ಒಂದರಲ್ಲಿ ನರಕ. ನಿಮ್ಮ ಭಾವ ಎರಡನ್ನೂ ತೂಗಿ ನೋಡಿ, "ಎರಡನೇದು ಭಾರ ಇದೆ, ಆದ್ರೆ ಮೊದಲನೇದರಲ್ಲಿ ಕಾಗುಣಿತ ಸರಿ ಇದೆ" ಎಂದರು.

ನಾನು ಓದಿ ಓದಿ ಒಂದು ತೀರ್ಮಾನಕ್ಕೆ ಬಂದೆ. ಅನ್ನ ಸೇರುವುದಿಲ್ಲ. ವಾಸನೆ ತಡೆಯುವುದಿಲ್ಲ. ವಾಂತಿ. ಕೆಟ್ಟ ಕನಸು. ಗಂಡ ಹತ್ತಿರ ಬಂದರೆ ಆಗುವುದಿಲ್ಲ. ಅಯ್ಯೋ ಹುಚ್ಚು ಮುಂಡೇದೇ, ನೀನು ಬಸುರಿ! ನನಗೆ ಮೊದಲ ಸಲ ಹೀಗೇ ಆಗಿ, ನಿಮ್ಮ ಭಾವನ ಚಪ್ಪಲಿ ಕಂಡರೂ ಅಳು ಬರುತ್ತಿತ್ತು. ಎಷ್ಟು ಸಂತೋಷವಾಯಿತು ಗೊತ್ತಾ, ಒಬ್ಬಳೇ ಕೂತು ಅತ್ತುಬಿಟ್ಟೆ.

ಹತ್ತಿಯ ವಿಷಯ ಅಷ್ಟೊಂದು ಹಚ್ಚಿಕೊಳ್ಳಬೇಡ. ಹಳೆ ಹತ್ತಿ ಎಲ್ಲರೂ ಬೆರೆಸುತ್ತಾರೆ. ಹಾಲಿಗೆ ನೀರು ಬೆರೆಸುವುದಿಲ್ಲವೇ? ಆಸ್ಪತ್ರೆಯವರು ಕಣ್ಣು ಮುಚ್ಚಿಕೊಂಡು ಕೂತಿರುತ್ತಾರೆಯೇ? ನಿನಗೆ ಹಗ್ಗವೆಲ್ಲ ಹಾವು. ನೀಲಿ ನೂಲು ಅಂದರೆ ದೃಷ್ಟಿಗೋ ಚಂದಕ್ಕೋ ಹಾಕಿರುತ್ತಾರೆ ಪಾಪ.

ಆ ಹಾಸಿಗೆ ಬೇಡ ಅಂತ ಮಾತ್ರ ಹೇಳಬೇಡ. ಇಲ್ಲಿ ಗೋಡೆ ಕೆಳಗಿನಿಂದ ಹಸಿ ಏರುತ್ತಿದೆ, ಚಾಪೆ ಎತ್ತಿದರೆ ಕೆಳಗೆ ಬೂಷ್ಟು. ಮೊದಲನೆಯದು ಯಾಕೆ ಹೋಯಿತು ಅಂತ ಆ ದಿನ ಸೂಲಗಿತ್ತಿ ಅಂದ ಮಾತು ನಿನಗೆ ನಾನು ಹೇಳಿಲ್ಲ. "ನೆಲದ ಥಂಡಿ ಹೀರ್ಕೊಂಡಿತು" ಅಂದಳು. ಕಳಿಸು. ಬೇಗ ಕಳಿಸು.

ಅಕ್ಕ


ಏಪ್ರಿಲ್ ೨, ೧೯೨೨

ಅಕ್ಕ,

ನಾನು ಬಸುರಿಯಲ್ಲ. ನನಗೆ ಅಸಹ್ಯವಾಗುತ್ತಿದೆ, ಅಷ್ಟೇ. ಎರಡಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲವಾ ನಿನಗೆ?

ಸೂಲಗಿತ್ತಿಯ ಮಾತು ಓದಿದ ಮೇಲೆ ಅನ್ನ ಬಿಟ್ಟೆ. ಹಾಸಿಗೆ ಕಳಿಸದೆ ಇದ್ದರೆ ಥಂಡಿ, ಕಳಿಸಿದರೆ ಹೆಣದ ಹತ್ತಿ. ಅತ್ತ ದರಿ, ಇತ್ತ ಪುಲಿ. ಕೊನೆಗೆ ನಾನೇ ಒಂದು ದಾರಿ ಮಾಡಿದೆ. ಇಷ್ಟು ಧೈರ್ಯ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ಅತ್ತೆ ಹೊಲಿದ ನೀಲಿ ನೂಲಿನ ಮರಿಹಾಸಿಗೆಯನ್ನು ಮೂಟೆಯಿಂದ ತೆಗೆದು ಅಟ್ಟದ ಮೇಲೆ ಹಳೆ ಗೋಣಿಗಳ ಹಿಂದೆ ಬಚ್ಚಿಟ್ಟೆ. ಅಂಗಡಿಯಲ್ಲಿ ಮಾರಲು ಇಟ್ಟಿದ್ದ ತೊಟ್ಟಿಲ ಹಾಸಿಗೆಗಳಲ್ಲಿ ಒಂದನ್ನು, ಮೂಲೆ ಬಿಚ್ಚಿ ನೀಲಿ ಇಲ್ಲ ಅಂತ ಕಣ್ಣಾರೆ ನೋಡಿ, ಅದರ ಜಾಗದಲ್ಲಿಟ್ಟೆ. ಪಟ್ಟೆ ಒಂದೇ, ಅಳತೆ ಒಂದೇ, ಯಾರಿಗೂ ಗೊತ್ತಾಗುವುದಿಲ್ಲ. ನಾಳೆ ಅತ್ತೆ ಮೂಟೆಯ ಬಾಯಿ ಹೊಲಿಯುತ್ತಾರೆ, ನಾಡಿದ್ದು ಗಾಡಿಗೆ, ಅಲ್ಲಿಂದ ಹಡಗಿಗೆ.

ನಮ್ಮ ಹಾಸಿಗೆಯನ್ನೂ ಬದಲಾಯಿಸಿದೆ. ಎಲ್ಲರೂ ಸಂತೆಗೆ ಹೋಗಿದ್ದಾಗ ನಾನೊಬ್ಬಳೇ ಉರುಳಿಸಿಕೊಂಡು ಹೋಗಿ ಅದನ್ನು ಅಂಗಡಿಯ ಅಟ್ಟಿಗೆ ಸೇರಿಸಿ ಅಲ್ಲಿಂದ ಗುರುತಿಲ್ಲದ್ದೊಂದನ್ನು ತಂದೆ. ಮಾರನೆಯ ದಿನವೇ ನಮ್ಮದನ್ನು ಯಾರೋ ಮುದುಕ ದಂಪತಿಗಳು ಕೊಂಡುಹೋದರು. ಅದು ಹೋಗುತ್ತಿರುವುದನ್ನು ನೋಡುತ್ತ ಕಂಬಕ್ಕೆ ಆತು ನಿಂತಿದ್ದೆ. ಬಾಯಿ ಬಿಡಲಿಲ್ಲ. ನನಗೆ ಬೇಡವಾದ ಹೆಣದ ಹಾಸಿಗೆಯನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸಿದೆ. ಆಗ ನನ್ನ ಮೈ ನನಗೇ ನಾರಿತು. ಆದರೆ ಸಂಜೆ ಹೊಸದಾಗಿ ಮನೆ ಹೂಡುವ ಒಬ್ಬ ಹುಡುಗಿ ಬಂದಿದ್ದಳು, ಅವಳಿಗೆ ಕಣ್ಸನ್ನೆ ಮಾಡಿ ನಾನೇ ಮೂಲೆ ನೋಡಿ ಗುರುತಿಲ್ಲದ್ದನ್ನು ಆರಿಸಿಕೊಟ್ಟೆ. ಅವಳು ಹಾಸಿಗೆಗೆ ಕೆನ್ನೆ ಒತ್ತಿ, "ಎಷ್ಟು ಮೆತ್ತಗಿದೆ ಅಕ್ಕಾ" ಅಂದಳು. ಒಂದು ಪಾಪಕ್ಕೆ ಒಂದು ಪುಣ್ಯ, ವಜಾ ಆಯಿತು ಅಂದುಕೊಂಡೆ.

ಆದರೂ ನನ್ನ ಕೈ ನನಗೇ ನಂಬಿಕೆಯಿಲ್ಲ. ಹಾಸಿಗೆ ಬಂದ ತಕ್ಷಣ ನಾಲ್ಕೂ ಮೂಲೆಯ ಒಳಮಡಿಕೆ ಬಿಚ್ಚಿ ನೋಡು. ಹೊರಗಿನಿಂದ ಕಾಣುವುದಿಲ್ಲ, ಹೊಲಿಗೆ ಬಿಚ್ಚಲೇಬೇಕು. ನೀಲಿ ನೂಲು ಇದ್ದರೆ ಸುಟ್ಟುಬಿಡು. ಇಲ್ಲದಿದ್ದರೆ ಮಗುವನ್ನು ಮಲಗಿಸು, ನಿಶ್ಚಿಂತೆಯಾಗಿ ಮಲಗಿಸು.

ತಂಗಿ


ಮೇ ೯, ೧೯೨೨

ಚಿಲಕಮ್ಮ,

ನೀನು ಚಿಕ್ಕಮ್ಮನಾದೆ. ಹೆಣ್ಣು. ಮೂಗು ನಿನ್ನದೇ, ಯಾವಾಗಲೂ ಏನನ್ನೋ ಮೂಸುತ್ತಿರುವ ಹಾಗೆ ಮೇಲಕ್ಕೆತ್ತಿಕೊಂಡಿರುತ್ತದೆ. ನಿಮ್ಮ ಭಾವ ತೂಕದ ಕಟ್ಟೆಗೆ ಕರೆದುಕೊಂಡು ಹೋಗಿ ತೂಗುತ್ತೇನೆಂದು ಹಟ ಹಿಡಿದಿದ್ದರು, ಬೈದು ಕೂರಿಸಿದೆ.

ಮೂಟೆ ಹೆರಿಗೆಗೆ ಮುಂಚೆಯೇ ಬಂತು. ನಿಮ್ಮ ಅತ್ತೆಯ ಕೈಗೆ ಚಿನ್ನದ ಕಡಗ ಹಾಕಬೇಕು, ಎಂಥ ಹಾಸಿಗೆ! ನೋಡಿದೆ ಮಾರಾಯ್ತಿ, ನಾಲ್ಕೂ ಮೂಲೆ ನೋಡಿದೆ, ನೀಲಿ ಇಲ್ಲ, ಹಸಿರಿಲ್ಲ, ಕೆಂಪಿಲ್ಲ. ಇನ್ನಾದರೂ ನಿದ್ದೆ ಮಾಡು. ಮಗು ಅದರ ಮೇಲೆ ಮಲಗಿದರೆ ಬೆಣ್ಣೆಯಲ್ಲಿ ಕೂದಲು ಇಳಿದ ಹಾಗೆ ಇಳಿದುಬಿಡುತ್ತದೆ, ಏಳುವುದೇ ಇಲ್ಲ.

ಸ್ವಲ್ಪ ಮೈ ಬೆಚ್ಚಗಿರುತ್ತದೆ ಸಂಜೆ ಹೊತ್ತು. ಸೆಕೆ ಇರಬೇಕು. ಸಣ್ಣ ಕೆಮ್ಮು. ಕೂಸುಗಳು ಕೆಮ್ಮುತ್ತವೆ. ನಿನಗೆ ಬರೆಯಬಾರದು ಅಂದುಕೊಂಡಿದ್ದೆ, ಬರೆದೆ. ಇದಕ್ಕೊಂದು ಕನಸು ಕಾಣಬೇಡ.

ಅಕ್ಕ


ಮೇ ೨೪, ೧೯೨೨

ಅಕ್ಕ,

ಈ ಕಾಗದ ತಲುಪಿದ ಕೂಡಲೇ, ಮುಂದಿನ ಸಾಲು ಓದುವ ಮೊದಲು, ಮಗುವನ್ನು ಆ ಹಾಸಿಗೆಯಿಂದ ಎತ್ತಿಕೋ. ನಿನ್ನ ಹಳೆ ಬಟ್ಟೆ ಮಡಚಿ ಹಾಸು. ತೊಡೆ ಮೇಲೆ ಮಲಗಿಸಿಕೋ. ಎತ್ತಿಕೊಂಡೆಯಾ? ಈಗ ಓದು.

ನಿನ್ನ ಕಾಗದ ನನ್ನ ಕೈಗೆ ಬಂದದ್ದು ನಿನ್ನೆ ಬೆಳಿಗ್ಗೆ. ಮಧ್ಯಾಹ್ನ ಅತ್ತೆ ನಮ್ಮ ಹಾಸಿಗೆ ಬಿಸಿಲಿಗೆ ಹಾಕಲು ಬಂದರು. ಎತ್ತುವಾಗ ಅವರ ಬೆರಳು ತಾನಾಗೇ ಮೂಲೆಗೆ ಹೋಯಿತು, ರೂಢಿ. ಅಲ್ಲೇ ನಿಂತರು. ಒಳಮಡಿಕೆ ಹರಿದರು. ಇನ್ನೊಂದು ಮೂಲೆ. ಇನ್ನೊಂದು. ಆಮೇಲೆ ಹಾಸಿಗೆಯನ್ನು ಹಾವು ಬಿಟ್ಟ ಹಾಗೆ ಬಿಟ್ಟು ನನ್ನ ರಟ್ಟೆ ಹಿಡಿದರು.

"ಎಲ್ಲಿಂದ ಬಂತೇ ಇದು? ಅಯ್ಯೋ ಇದು ಅಂಗಡೀದು! ಯಾವಾಗಿಂದ ಮಲಗ್ತಿದ್ದೀಯೇ ಇದರ ಮೇಲೆ? ನನ್ ಮಗ? ಅವನೂನಾ?"

ದರದರ ಬಚ್ಚಲಿಗೆ ಎಳೆದುಕೊಂಡು ಹೋಗಿ ಸುಡುಸುಡು ನೀರು ಸುರಿದು ನನ್ನ ಬೆನ್ನು ತಿಕ್ಕಿದರು ಅಕ್ಕ, ಚರ್ಮ ಕಿತ್ತು ಬರುವ ಹಾಗೆ. ತಿಕ್ಕುತ್ತ ಅಳುತ್ತಿದ್ದರು. ನಾನೂ ಅಳುತ್ತ, "ನೀಲಿ ನೂಲು ಹಾಕಿದ್ದು ಹೆಣದ್ದಲ್ಲವಾ ಅತ್ತೆ?" ಅಂದೆ.

ಅವರ ಕೈ ನಿಂತಿತು.

"ಕೆಟ್ಟದ್ದಕ್ಕೆ ಗುರುತು ಹಾಕ್ತಾ ಕೂತ್ರೆ ನೂಲು ಎಲ್ಲಿಂದ ತರಲೇ? ಇಲ್ಲಿಂದ ಹೊರಗೆ ಹೋಗೋದೆಲ್ಲಾ ಅದೇ. ಹೊಸ ಅರಳೆ ತಂದು ಮನೆಯವರಿಗೆ ಅಂತ ನಾಲ್ಕು ಹೊಲೀತೀನಿ, ಅದು ಬೆರೆತು ಹೋಗದೆ ಇರಲಿ ಅಂತ ನೀಲಿ. ನಿಮ್ಮ ಮಾವಂಗೆ ಗೊತ್ತಾದ್ರೆ ಅದನ್ನೂ ಮಾರಿಬಿಡ್ತಾರೆ."

ಕೇಳಿಸಿತಾ ಅಕ್ಕ? ಕೆಟ್ಟದ್ದಕ್ಕೆ ಗುರುತು ಇರುತ್ತದೆ ಅಂತ ನಾನು ಅಂದುಕೊಂಡಿದ್ದೆ. ನಮ್ಮ ಅಮ್ಮ ಒಡಕು ಗಡಿಗೆಗೆ ಸುಣ್ಣದ ಬೊಟ್ಟು ಇಡುತ್ತಿರಲಿಲ್ಲವೇ, ಹಾಗೆ. ಈ ಮನೆಯಲ್ಲಿ ಗಡಿಗೆಯೆಲ್ಲ ಒಡಕು. ಸರಿ ಇರುವುದಕ್ಕೇ ಬೊಟ್ಟು. ಮನೆಗೆ ಮಾರಿ ಪರರಿಗೆ ಉಪಕಾರಿ ಅಂತ ಗಾದೆ, ಇವರು ಅದನ್ನೂ ಮಗುಚಿ ಹಾಕಿದ್ದಾರೆ.

ನಾನು ನಿದ್ದೆ ಮಾಡಿದ್ದು ಯಾರು ಸತ್ತ ಹಾಸಿಗೆಯ ಮೇಲೋ. ನಾನೇ ಆರಿಸಿ, ಹೊತ್ತು ತಂದು. ನಮ್ಮ ಹಾಸಿಗೆಯನ್ನು ಅಂಗಡಿಗೆ ದೂಡಿದೆನಲ್ಲ, ಆ ಮುದುಕ ದಂಪತಿಗಳಿಗೆ ಸಿಕ್ಕಿದ್ದೇ ಶುದ್ಧವಾದದ್ದು, ಆ ಅಂಗಡಿಯಲ್ಲಿ ಹೊಸ ಹತ್ತಿ ಕೊಂಡವರು ಅವರೊಬ್ಬರೇ ಇರಬೇಕು. ಕೆನ್ನೆ ಒತ್ತಿ "ಮೆತ್ತಗಿದೆ ಅಕ್ಕಾ" ಅಂದ ಹುಡುಗಿಗೆ ನಾನು ಕಣ್ಸನ್ನೆ ಮಾಡಿ ಕೊಟ್ಟದ್ದು ಏನು ಅಂತ ಈಗ ಗೊತ್ತಾಯಿತು. ಅವಳ ಮನೆ ಎಲ್ಲಿ ಅಂತ ಕೂಡ ಕೇಳಲಿಲ್ಲ.

ಆ ಮೇಲೆ ನಿನ್ನ ಮಗುವಿನ ವಿಷಯ ಹೇಳಿದೆ, ಬದಲಾಯಿಸಿದ್ದು, ಅಟ್ಟ, ಗೋಣಿ, ಎಲ್ಲ. ಅತ್ತೆ ಒದ್ದೆ ಬಚ್ಚಲಲ್ಲೇ ಕುಸಿದು ಕೂತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು, "ನೋಡಿದ್ದೆ. ಮೂಟೆ ಬಾಯಿ ಹೊಲಿಯೋವಾಗ ಮೂಲೆ ಮುಟ್ಟಿ ನೋಡಿದ್ದೆ. ಯಾಕೋ ಬದಲಾಗಿದೆ ಅಂತ, ನಿಮ್ಮ ಮಾವಂಗೆ ತಿಳೀದಿರ್ಲಿ ಅಂತ ಯಾರನ್ನೂ ಕೇಳ್ದೆ ನಾನೇ ಹುಡುಕಿ, ಅಟ್ಟದಿಂದ ಇಳಿಸಿ ನೀಲೀದನ್ನೇ ಇಟ್ಟು ಕಳಿಸಿದೀನಿ. ಮಗುಗೆ ಏನೂ ಆಗಲ್ಲ. ಹೊಸ ಅರಳೆ, ಹೂವು."

ಓಡಿ ಅಟ್ಟ ಹತ್ತಿದೆ. ಗೋಣಿಗಳ ಹಿಂದೆ ಖಾಲಿ.

ಉಸಿರು ಬಂತು ಅಂದುಕೊಂಡೆಯಾ? ಬರಲಿಲ್ಲ. "ಹೊಸ ಅರಳೆ, ಹೂವು" ಅನ್ನುವುದು ಅತ್ತೆ ಗಿರಾಕಿಗಳಿಗೆ ಹೇಳುವ ಮಾತು. ಅದೇ ದನಿ, ಅದೇ ಎಳೆತ. ಸುಳ್ಳು ಹೇಳಿ ಹೇಳಿ ಆ ಬಾಯಿಗೆ ಬೇರೆ ದನಿಯೇ ಉಳಿದಿಲ್ಲ. ನಿಜ ಹೇಳಿದರೂ ಹಾಗೇ ಕೇಳುತ್ತದೆ. ಅಟ್ಟ ಖಾಲಿ ಅಂದರೆ, ಮಾವ ಕಂಡು ಮಾರಿಯೂ ಇರಬಹುದಲ್ಲ? ಅವರನ್ನು ಕೇಳುವ ಹಾಗಿಲ್ಲ. ತಂತಿ ಕೊಡೋಣವೆಂದರೆ ತಂತಿ ಮಾಸ್ತರರು ಮಾವನ ಜೊತೆ ಇಸ್ಪೀಟು ಆಡುವವರು, ನಾನು ಆಫೀಸಿನ ಮೆಟ್ಟಿಲು ಇಳಿಯುವ ಮುಂಚೆ ಮಾವನಿಗೆ ಸುದ್ದಿ ಹೋಗಿ ತಂತಿ ಅಲ್ಲೇ ನಿಲ್ಲುತ್ತದೆ. ಸೂಜಿಯವಳು ಇವತ್ತು ಬಂದಿಲ್ಲ. ಅದಕ್ಕೇ ಹೇಳದೆ ಕೇಳದೆ ಹೊರಟು, ಹಡಗಿನ ಟಪಾಲು ಚೀಲ ಕಟ್ಟುವ ಈ ಕಟ್ಟೆಯವರೆಗೆ ನಡೆದು ಬಂದು, ಇಲ್ಲೇ ಕೂತು ಬರೆಯುತ್ತಿದ್ದೇನೆ. ಇದನ್ನು ಕೊಟ್ಟ ಮೇಲೆ ಜ್ವರದ ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ ಹೋಗುತ್ತೇನೆ. ಆ ಮೇಲೆ ಮನೆಗೆ ಸೇರಿಸುತ್ತಾರೋ ಇಲ್ಲವೋ. ಬೇಡ, ಆ ಅನ್ನ ನನಗೆ ಇಳಿಯುವುದಿಲ್ಲ.

ಈಗ ಕೇಳು ಅಕ್ಕ. ಅತ್ತೆ ಹೇಳುತ್ತಾರೆ, ನಿನ್ನ ಹತ್ತಿರ ಇರುವುದರಲ್ಲಿ ನೀಲಿ ಇದೆ. ನೀನು ಬರೆದಿದ್ದೀಯ, ನಾಲ್ಕೂ ಮೂಲೆ ನೋಡಿದೆ, ಇಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು. ಜೀವನದಲ್ಲಿ ಮೊದಲ ಸಲ ಅತ್ತೆ ನಿಜ ಹೇಳಿರಲಿ, ನೀನು ಸುಳ್ಳು ಬರೆದಿರು ಅಂತ ಬೇಡಿಕೊಳ್ಳುತ್ತಿದ್ದೇನೆ. ಮೂಟೆ ಬಂದಾಗ ನಿನಗೆ ಏಳಲಾಗದ ಹೊಟ್ಟೆ, ಕೈಗೆ ದಬ್ಬಳ ಸಿಕ್ಕಿರುವುದಿಲ್ಲ, ಈ ಚಿಲಕಮ್ಮನ ಬಾಯಿ ಮುಚ್ಚಿಸಿದರೆ ಸಾಕು ಅಂತ ಹೊದಿಕೆಯೊಳಗಿಂದಲೇ "ನೋಡ್ದೆ, ಮಲಗು" ಅಂದಿರಬೇಕು. ಅಂದಿದ್ದರೆ ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ಮಾತೂ ಆಡುವುದಿಲ್ಲ.

ಅಲ್ಲಿ ನೀಲಿ ಇದ್ದರೆ ಕೆಮ್ಮು ಬರೀ ಕೆಮ್ಮು, ಬೆಚ್ಚಗಿದ್ದದ್ದು ಬರೀ ಸೆಕೆ. ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು, ಕೈ ತೊಳೆದು, ಮಗುವನ್ನೆತ್ತಿಕೊಂಡು ಡಾಕ್ಟರ ಹತ್ತಿರ ಓಡು, ಯಾರ ಹಾಸಿಗೆ ಅಂತ ನಾಚಿಕೆಪಡದೆ ಹೇಳು.

ಹಗಲು ಬೆಳಕಿನಲ್ಲಿ, ಬಾಗಿಲ ಹತ್ತಿರ, ಮಡಿಕೆ ಪೂರ್ತಿ ಬಿಚ್ಚಿ. ನೀನೇ. ಭಾವನಿಗೆ ನೋಡಲು ಹೇಳಬೇಡ.

ಅಕ್ಕಾ, ಇನ್ನೊಂದ್ಸಲ ನೋಡು. ಈ ಸಲ ಎದ್ದು ನೋಡು.